ಹನ್ನೊಂದು ಹಲಗೆ

ಚಿಂತಾಮಣಿಯಲ್ಲಿ ಸುಬ್ಬರತ್ನಂ ಶೆಟ್ಟರ ಅಂಗಡಿಗೆ
ಬಾಗಿಲಿರಲಿಲ್ಲ, ಹಲಗೆಗಳಿದ್ದವು.
ಹನ್ನೊಂದು. ಒಂದೊಂದರ ನೆತ್ತಿಗೂ ಬಿಳಿಯ ಅಂಕಿ.
ರಾತ್ರಿ ಒಂದರಿಂದ ಕೂಡಿಸಬೇಕು,
ಬೆಳಿಗ್ಗೆ ಹನ್ನೊಂದರಿಂದ ಕಳಚಬೇಕು,
ನಡುವೆ ಒಂದು ತಪ್ಪಿದರೂ
ಕೊನೆಯದು ಗಾಡಿಯಲ್ಲಿ ಕೂರುವುದಿಲ್ಲ.
ಸ್ಕೂಲಿಗೆ ಹೋಗದ ನಾನು ಲೆಕ್ಕ ಕಲಿತದ್ದು ಹಾಗೆ.

ಮೂವತ್ತೊಂದು ವರ್ಷ.
ಶೆಟ್ಟರ ಮಗ ರೋಲಿಂಗ್ ಶಟರ್ ಹಾಕಿಸಿದ ದಿನ
ಹಲಗೆಗಳೆಲ್ಲ ಚರಂಡಿಯ ಕಡೆ ಗೋಡೆಗೆ ಒರಗಿದ್ದವು.
"ತಗೊಂಡು ಹೋಗೋ, ಸೌದೆಗಾದರೂ ಆಗುತ್ತೆ"
ಅಂದರು ಶೆಟ್ಟರು,
ಅನ್ನುವಾಗ ನನ್ನ ಕಡೆ ನೋಡಲಿಲ್ಲ.

ಪಾಪಾಚಾರಿ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿದ.
"ಹೊನ್ನೆ! ಸೌದೆ ಅಂದೋನ ಬಾಯಿಗೆ ಹೊಟ್ಟು ಹಾಕ."
ಉಳಿಯ ತುದಿಯಿಂದ ಒಂದು ಮೂಲೆ ಕೆರೆದ:
ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕಾವಿ,
ಕಾವಿಯ ಕೆಳಗೆ ಇನ್ನೇನೋ, ಹೆಸರಿಲ್ಲದ್ದು.
"ನೋಡು, ಗೆದ್ದಲಿಗೆ ಒಂದು ತುತ್ತೂ ಸಿಕ್ಕಿಲ್ಲ.
ಆದರೆ ಶೆಟ್ರು ಶೆಟ್ರೇ,
ಬೀದಿ ಕಡೆ ಮಾತ್ರ ಬಳಿಸಿದಾರೆ, ಒಳಗಡೆ ಬೋಳು.
ಅದಕ್ಕೇ ಏಳನೇದು ದೋಣಿ ಹಾಗೆ ಬಾಗಿರೋದು.
ಎರಡೂ ಮಗ್ಗುಲಿಗೆ ಹಚ್ಚಬೇಕು ಕಣಯ್ಯ.
ತುದಿಗೆ ಮೊದಲು ಹಚ್ಚು, ಯಾರೂ ನೋಡದ ತುದಿಗೆ.
ಮರ ನೀರು ಕುಡಿಯೋದು ಅಲ್ಲಿಂದ."

ಒಂದು, ಎರಡು, ನಾಲ್ಕು ಸೇರಿ ಮಂಚವಾಯಿತು.
ಮೂರು ಬಚ್ಚಲ ಬಾಗಿಲಿಗೆ; ಬುಡಕ್ಕೆ ಮೂರು ಕೋಟು,
ದಿನವೂ ನೀರು ಬಡಿದರೂ ಉಬ್ಬಿಲ್ಲ.
ಐದು, ಎಂಟು, ಒಂಬತ್ತು ಅಟ್ಟಕ್ಕೆ.
ಹತ್ತು, ಹನ್ನೊಂದು ಒಲೆಯ ಹಿಂದಿನ ಗೋಡೆಗೆ:
ಒಗ್ಗರಣೆ ಸಿಡಿದರೆ ಬಟ್ಟೆಯಲ್ಲಿ ಒರೆಸಿದರಾಯಿತು.
ಬಾಗಿದ ಏಳನ್ನು ನಾನು ಬೇಡವೆಂದೆ.
ಕೋಳಿಗೂಡಿಗೆ ಸೂರು ಹಾಕಿದ ಪಾಪಾಚಾರಿ,
"ಮಳೆ ಜಾರೋಕೆ ಬಾಗು ಬೇಕಲ್ಲ."

ಆರು ಉಳಿದಿತ್ತು.
ಒಳಮಗ್ಗುಲು ತಿರುಗಿಸಿದೆ.
ಮೆಣಸಿನಕಾಯಿಯ ಘಾಟು, ಹುಣಸೆ, ಸೀಮೆಎಣ್ಣೆ,
ಮತ್ತೆ ಪೆನ್ಸಿಲಿನ ಅಕ್ಷರ. ಪುಸ್ತಕ ಕೈಗೆ ಸಿಗದಾಗ
ಶೆಟ್ಟರು ಒರಗಿಸಿದ ಹಲಗೆಯ ಮೇಲೇ ಬರೆಯುವರು.
ಬುಡೇನ್ ಸಾಬು, ಟೀ ಪುಡಿ, ಎಂಟಾಣೆ. ಹೊಡೆದು ಹಾಕಿದೆ.
ಕೈವಾರದ ಬಳೆಯಾಕೆ, ಕೊಬ್ಬರಿ, ಎರಡು ಗಿಟುಕು. ಹೊಡೆದು ಹಾಕಿದೆ.
ಕೆಳಗೆ, ಒಬ್ಬ ಹುಡುಗನ ಎದೆಯೆತ್ತರದಲ್ಲಿ:
ನಮ್ಮ ಹುಡುಗ, ಬೆಲ್ಲ, ಒಂದು ಉಂಡೆ.
ದುಡ್ಡು ಬರೆದಿರಲಿಲ್ಲ. ಹೊಡೆದೂ ಹಾಕಿರಲಿಲ್ಲ.

ನಾನು ಅದನ್ನು ಕೇಳಿ ತಗೊಂಡಿರಲಿಲ್ಲ.

ಬ್ರಶ್ಶು ಎಷ್ಟೋ ಹೊತ್ತು ಡಬ್ಬಿಯಲ್ಲೇ ನಿಂತಿತು.
ಆಮೇಲೆ ಹಚ್ಚಿದೆ. ಮೊದಲು ತುದಿಗೆ,
ಆಮೇಲೆ ಬುಡೇನ್ ಸಾಬರಿಗೆ, ಬಳೆಯಾಕೆಗೆ,
ಕೊನೆಗೆ ನನಗೆ. ಎರಡು ಕೋಟು, ಆಕಾಶನೀಲಿ.

ಈಗ ಅದು ಅಡುಗೆಮನೆಯ ಷೆಲ್ಫು.
ಕಿಟಕಿಯಿಲ್ಲದ ಆ ಕೋಣೆಗೆ
ಒಂದು ಬಲ್ಬಿನಷ್ಟು ಬೆಳಕು ಬಂತು ಅಂತಾಳೆ ಅಶ್ವತ್ಥಮ್ಮ.
ಉಪ್ಪಿನ ಜಾಡಿ, ಸಾರಿನ ಪುಡಿ, ನನ್ನ ಮಾತ್ರೆಗಳು.
ಸಿಹಿಯೆಂಬುದು ಮನೆಯೊಳಗೇ ಇಲ್ಲ,
ನನಗೆ ಸಕ್ಕರೆ ಕಾಯಿಲೆ.

ಆದರೂ ಬೆಳಿಗ್ಗೆ ನೋಡಿದರೆ ಇರುವೆಯ ಸಾಲು,
ಉಪ್ಪನ್ನು ಬಳಸಿಕೊಂಡು, ಪುಡಿಯನ್ನು ಬಳಸಿಕೊಂಡು,
ಷೆಲ್ಫಿನ ಅಡಿಗೆ ತಿರುಗಿ, ಖಾಲಿ ನೀಲಿಯಲ್ಲಿ
ಒಂದೇ ಕಡೆ ಗುಂಪುಗೂಡಿವೆ.

"ಬಣ್ಣದಲ್ಲೇನಿದೆ ಇವಕ್ಕೆ?" ಅಂತ
ಒದ್ದೆ ಬಟ್ಟೆ ಹಿಡಿದು ಬರುತ್ತಾಳೆ ಅವಳು.
ಇರಲಿ ಬಿಡೇ, ಅನ್ನುತ್ತೇನೆ. ಬಾಕಿಯವರು.