ಕೈತಾನನ ಗೇಟು

ವರ್ಕ್‌ಶಾಪಿನ ಭೋಂಗಾ ಕೂಗಿದ ಮ್ಯಾಲ
ಗಾಲಿ ಶಾಪಿನಿಂದ ಕೈ ಒರಸಿಕೋತ ಬರಾಂವ
ಕೈತಾನ್ ಕುಲಾಸೊ.
ಅಂಗಿ ನಂಬರ್ ಎರಡು, ರೈಟ್ ಬ್ಯಾಕು.
ಉಗುರಿನ ಸಂದ್ಯಾಗಿನ ಗ್ರೀಸು
ಹದಿನೇಳು ಸೀಸನ್ ಆಡಿದ್ರೂ ಹೋಗಲಿಲ್ಲ.

ನಾ ಬೆಟಗೇರಿಯಾಂವ, ಬಾಕಳೆ, ಎಡಗಾಲಿನಾಂವ.
ಮಗ್ಗದಾಗ ಲಾಳಿ ಓಡೂದು ನೋಡಿ ನೋಡಿ
ಓಡೂದು ಕಲತಾನ ಅಂತ ಮಂದಿ ಅಂತಿದ್ರು.
ಲಾಳಿಗೆ ಅಡ್ಡ ನಿಂದ್ರಾಕ ಯಾರೂ ಇರೂದಿಲ್ಲ.
ನನಗ ಕೈತಾನ್ ಇದ್ದ.

ಗದಗ ರೋಡಿನ ರೈಲ್ವೆ ಮೈದಾನ,
ಎರಿಮಣ್ಣು, ಸುಣ್ಣದ ಗೆರಿ,
ಆ ಗೆರಿಗುಂಟ ಮೂರು ಮಾರು ಅಗಲದ ಪಟ್ಟಿ
ಹೊಲಾ ಪಾಲ ಆದಂಗ ನಮ್ಮಿಬ್ಬರ ಹೆಸರಿಗೆ.
ನಡು ಮೈದಾನದಾಗ ಏನ ನಡದ್ರೂ
ನಮಗ ಪ್ಯಾಟ್ಯಾಗಿನ ಸುದ್ದಿ ಇದ್ದಂಗ.

ಒಳಗ ಹೊಂಟಂಗ ಮಾಡಿ ಹೊರಗ ಹೋಗತಿದ್ದೆ.
ಹೊರಗ ಇರತಿದ್ದ.
ಹೊರಗ ಹೊಂಟಂಗ ಮಾಡಿ ಒಳಗ.
ಅಲ್ಲೂ ಇರತಿದ್ದ, ಬೀಡಿ ವಾಸನಿ ಸಮೇತ.
ಕಾಲ ನೋಡತಿರಲಿಲ್ಲ, ಮಾರಿ ನೋಡತಿರಲಿಲ್ಲ;
ನನ್ನ ಟೊಂಕದ ಎಲುಬಿನ ಮ್ಯಾಲ ಕಣ್ಣು.
"ಟೊಂಕ ಸುಳ್ಳ ಹೇಳೂದಿಲ್ಲೋ ಬಾಕಳೆ" ಅಂತ
ಒಮ್ಮೆ ಮಿರ್ಚಿ ತಿನ್ನೂಮುಂದ ಹೇಳಿದ್ದ.
ಹೇಳಬಾರದಿತ್ತು. ಹೇಳಿದ್ರೂ ನನಗ ಉಪಯೋಗ ಆಗಲಿಲ್ಲ.

ಕಟ್ಟಿ ಮ್ಯಾಲಿನ ಮಂದಿ ಕೂಗೋರು:
"ಗೇಟ್ ಬಿತ್ತಲೇ! ಬಾಕಳೆ, ಸೈಕಲ್ ಇಳಿ!"

ಹುಟ್ಟಿದ್ದು ಮಡಗಾಂವ ಹತ್ತಿರ.
ಜನ್ಮದ ಚೀಟಿ ಪೋರ್ತುಗೀಜರದು,
ಅದರಾಗಿನ ಒಂದಕ್ಷರ ಅವಗೂ ಓದಾಕ ಬರತಿರಲಿಲ್ಲ.
ಕ್ಯಾಸಲ್‌ರಾಕ್ ದಾಟಿ ಸೋದರಮಾವನ ಜೋಡಿ ಬಂದಾಗ
ಹತ್ತು ವರ್ಷದಾಂವ.
ನೌಕರಿಗೆ ಸೇರಿದಾಗ, ದೇಶ ಯಾವುದು ಬರೀಲಿ ಅಂತ
ಕಾರಕೂನ ಮಂಗಳವೇಢೆ ಪೆನ್ನು ಎತ್ತಿದಾಂವ
ಎರಡು ವರ್ಷ ಕೆಳಗ ಇಳಸಲಿಲ್ಲಂತ.
ಅಷ್ಟರಾಗ ಗೋವಾ ನಮ್ಮ ಕಡೆ ಬಂತು.
"ನಾ ನಿಂತ ಜಾಗಾದಾಗ ನಿಂತಿದ್ದೆ,
ಗೆರಿನ ಸರದಾಡಿತು" ಅಂತ ನಗತಿದ್ದ.

ಗೋಲು? ಒಂದೂ ಇಲ್ಲ.
ತಪ್ಪಿದೆ, ಒಂದು ಐತಿ,
ಧಾರವಾಡದ ಪೊಲೀಸರ ಮ್ಯಾಚಿನಾಗ, ಕೆಸರಿನಾಗ,
ತಮ್ಮ ಗೋಲಿಗೆ ತಾನ ಹೊಡದದ್ದು.
ಪೇಪರಿನಾಗ ಹೆಸರು ಬಂದದ್ದು ಅದೊಂದ ಸಲ.
ಅಚ್ಚಿನ ತಪ್ಪಿನಾಗ ಕುಲಾಸೊ ಹೋಗಿ
'ಖಲಾಸ್' ಆಗಿತ್ತು.
ಹೆಂಡತಿ ಎಸ್ಪೆರಾನ್ಸಾ ಅದನ್ನ ಕತ್ತರಿಸಿ
ಅಕ್ಕಿ ಡಬ್ಬಿ ಮುಚ್ಚಳದ ಒಳಗ ಅಂಟಿಸಿದ್ಲು.

ನಡುಗೆರಿ ದಾಟಿದ್ದೂ ಒಮ್ಮೆನ.
ಯಾಕೋ ಆ ದಿನ ಬಾಲು ಕಾಲಾಗ ಸಿಕ್ಕು
ಯಾರೂ ಎದುರ ಬರಲಿಲ್ಲ. ಹೊಂಟ.
ಮೊದಲನೇ ಸಲ ನಾ ಅವನ ಬೆನ್ನ ಹತ್ತಿದೆ,
ಅಂಗಿ ಮ್ಯಾಲಿನ ಎರಡು ಒಲದಾಡೂದು ನೋಡಿದೆ.
ಕಾರ್ನರ್ ಬಾವುಟದ ತನಕ ಹೋಗಿ
ತಪ್ಪು ಸ್ಟೇಷನ್ನಿನಾಗ ಇಳದಂಗ ಸುತ್ತ ನೋಡಿ
ಬಾಲು ನನಗ ಕೊಟ್ಟಾ.
ನನಗ! ಎದುರ ಟೀಮಿನಾಂವಗ!
ಕೊಟ್ಟು, ತನ್ನ ಜಾಗಾಕ್ಕ ಓಡಿದಾ.

ಎಪ್ಪತ್ತಾರರಾಗ ಮೊಣಕಾಲು ಹ್ವಾತು.
ಸಪ್ಪಳ ನನಗಷ್ಟ ಕೇಳಿತು,
ಹಸಿ ಜ್ವಾಳದ ದಂಟು ಮುರದಂಗ.
ಅಷ್ಟರಾಗ ನಾ ಹಾದ ಹೋಗಿದ್ದೆ,
ಮುಂದ ಬಯಲು, ಗೋಲ್‌ಕೀಪರ್ ಒಬ್ಬನ.
ಹೊಡದೆ. ಹ್ವಾತು ಒಳಗ.
ನಮ್ಮವರು ಹೆಗಲ ಮ್ಯಾಲ ಎತ್ತಿದ್ರು; ಅಲ್ಲಿಂದ ನೋಡಿದೆ:
ಸುಣ್ಣದ ಗೆರಿ ಮ್ಯಾಲ ಕುಂತು
ಬೂಟಿನ ದಾರ ಬಿಚ್ಚಾಕ ಹತ್ತಿದ್ದ, ಗಡಿಬಿಡಿ ಇಲ್ಲದ,
ಪಾಳಿ ಮುಗದಾಂವ ಕೈ ತೊಳಕೊಂಡಂಗ.

ಮರು ವರ್ಷ ಅಲ್ಲಿ ನಿಂತ ಹುಡುಗನ್ನ
ಆರು ಸಲ ದಾಟಿದೆ. ಅರ್ಧ ಸೀಸನ್ನಿಗೆ ಬಿಟ್ಟೆ,
ಇಳಕಲ್ ಸೀರಿ ಅಂಗಡಿ ಹಾಕಿದೆ.

ಅವಂದು ಕಪ್ಪಿಲ್ಲ. ಟೀಮಿನ ಫೋಟೋದಾಗ ಅರ್ಧ ಮಾರಿ.
ಲೆಕ್ಕ ಉಳದದ್ದು ನನ್ನ ಎಡ ನಳ್ಯಾಗ,
ಬೂಟಿನ ಮೊಳಿ ನಟ್ಟ ಕಲಿ.
ಮೊಮ್ಮಗಳು ಬಟ್ಟ ಇಟ್ಟು ಎಣಸತಾಳ, ನಾಕು ಅಂತಾಳ.
ಮೂರ ಐತಿ; ಒಂದು ಸೊಳ್ಳಿ ಕಡದದ್ದು.

ಈಗ ಮುಂಜಾನೆ ಸ್ಟೇಷನ್ ರೋಡಿನಾಗ ನಡೀತೀನಿ,
ಎಡಕ್ಕ ಗಟಾರದ ದಂಡಿ ಹಿಡದು,
ಬಲಕ್ಕ ಒಂದಾಳು ಹಿಡಸೂವಷ್ಟು ಬಿಟ್ಟು.
ಹಿಂದಿನ ಆಟೋದಾಂವ ಹಾರ್ನ್ ಹೊಡೀತಾನ,
ಆ ಸಂದ್ಯಾಗ ತೂರಾಕ ನೋಡತಾನ.
ನಾ ಟೊಂಕ ಅಲುಗಾಡಸೂದಿಲ್ಲ.