೬೨೮.೧

ಲಿಂಗಸುಗೂರಿನ ನಮ್ಮ ಕಾಲೇಜು ಲೈಬ್ರರಿಯಲ್ಲಿ
ಫ್ಯಾನು ಒಂದೇ. ಅದರ ಕೆಳಗೆ ಹುಸೇನಪ್ಪ ಸರ್.
ಮೊಬೈಲು ಮುಂದೆ ಹಿಡಿದೆ:
‘ತಾಮ್ರದ ಕೊಡದಲ್ಲಿ ರಾತ್ರಿಯಿಟ್ಟರೆ ಫ್ಲೋರೈಡು ಮಾಯ.’

‘ಯಾರು ಹೇಳ್ಯಾರವ್ವಾ?’
ಎಲ್ಲರೂ, ಅಂದೆ.
‘ಎಲ್ಲರೂ ಅನ್ನಾವ್ರ ಮನಿ ಯಾವ ಓಣ್ಯಾಗ ಐತಿ?’

ನಕ್ಕೆ, ರೂಢಿಯಂತೆ ದುಪಟ್ಟಾ ಬಾಯಿಗಡ್ಡ ಹಿಡಿದು.
ಅವರು ಹಲ್ಲು ನೋಡಲಿಲ್ಲ. ಅಥವಾ ನೋಡಿಯೇ
ಕಪಾಟಿನ ಕಡೆ ತಿರುಗಿದರು.

ಆರುನೂರಾ ಇಪ್ಪತ್ತೆಂಟು, ಚುಕ್ಕೆ, ಒಂದು.
ಎಲ್ಲಕ್ಕಿಂತ ಕೆಳಗಿನ ಅರೆ. ಮೊಣಕಾಲೂರಿದೆ.
ಗೆದ್ದಲು ಅಂಚು ತಿಂದ ವರದಿ, ನಲವತ್ತೊಂದನೆಯ ಪುಟ,
ನಮ್ಮೂರು! ಅಚ್ಚಿನಲ್ಲಿ!
ಕೋಷ್ಟಕದ ಒಂದು ಸಾಲಿನಲ್ಲಿ ಹಳೇಬಾವಿ,
ಅದರೆದುರು ‘ಕುಡಿಯಲು ಯೋಗ್ಯ’.
ಬರೆದುಕೊಳ್ಳಲು ಪೆನ್ನು ತೆಗೆದೆ.

‘ತಡಿ. ಅದು ಯಾವ ವರ್ಷದ ನೀರು?’

ನಾನು ಹುಟ್ಟುವ ಮುಂಚಿನದು.
ಆ ಬಾವಿ ಮುಚ್ಚಿದ ಜಾಗದಲ್ಲೀಗ ಟವರು ನಿಂತಿದೆ,
ತಾಮ್ರದ ಕೊಡದ ಸುದ್ದಿ ಬಂದದ್ದೂ ಅದರಿಂದಲೇ.

‘ಯಾಕ ಮುಚ್ಚಿದ್ರು, ಯಾರಿಗೆ ಗೊತ್ತು?’
ಅಜ್ಜಿಗೆ.
‘ಮತ್ತ ಆಕಿನ್ನ ಕೇಳು. ಕೇಳಿ ಬರಿ.
ಹೆಸರು, ಊರು, ತಾರೀಖು.
ಪುಸ್ತಕಕ್ಕ ಕೇಳಿದ್ದ ಎಲ್ಲಾ ಆಕಿಗೂ ಕೇಳು.’

ಆ ರಾತ್ರಿ ಅಡಿಟಿಪ್ಪಣಿಯಲ್ಲಿ, ಅಚ್ಚಾದ ವರದಿಯ ಕೆಳಗೆ,
ಈವರೆಗೆ ಹೆಬ್ಬೆಟ್ಟಿನ ಪಕ್ಕದಲ್ಲಷ್ಟೇ
ಹೆಸರು ಕಂಡವಳನ್ನು ಬರೆದೆ:
ದ್ಯಾವಮ್ಮ, ವಯಸ್ಸು ಅಂದಾಜು ಎಪ್ಪತ್ತೆರಡು,
ಹೇಳಿದ್ದು ಪಡಸಾಲೆಯಲ್ಲಿ, ತೊಗರಿ ಹಸನು ಮಾಡುತ್ತ.

‘ಅಂದಾಜು’ ಅನ್ನುವುದನ್ನು
ಅವಳೇ ಹೇಳಿ ಸೇರಿಸಿದ್ದು.