ತಾರಸಿಯ ಮೇಲೊಂದು ತಿಪ್ಪೆ

ಕುಂಬಾರಕೊಪ್ಪಲಿನ ಸಣ್ಣಪ್ಪಶೆಟ್ಟರು
ಮೂರು ಮಡಕೆಗೂ ಮೈತುಂಬ ತೂತು ಕೊರೆದು
ಆಟೋಗೆ ಏರಿಸುವಾಗ ಕೇಳಿದರು:
"ನಲವತ್ತು ವರ್ಷ ತೂತು ಬೀಳದ ಹಾಗೆ ತಟ್ಟೋದನ್ನೇ ಕಲಿತೆ ಕಣಕ್ಕ.
ನೀರು ನಿಲ್ಲಲ್ಲ, ಅಕ್ಕಿ ಉಳಿಯಲ್ಲ,
ಇದರೊಳಗೆ ಏನಿಡ್ತೀರಿ?"
ಮುಸುರೆ ಎನ್ನಲು ನಾಚಿಕೆಯಾಗಿ
ಗಿಡಕ್ಕೆ ಅಂದೆ.

ಗೋಕುಲದ ಈ ಬಾಡಿಗೆ ಮನೆಯ ತಾರಸಿಯಲ್ಲಿ
ನೀರಿನ ಟ್ಯಾಂಕಿನ ನೆರಳಿಗೆ ಒಂದರ ಮೇಲೊಂದು ಇಟ್ಟೆ.
ಅಂದಿನಿಂದ ಅಡುಗೆಮನೆಯ ಲೆಕ್ಕವೆಲ್ಲ ಅದಕ್ಕೇ:
ಹಿತಕಿದ ಅವರೆಯ ಜಾರು ಸಿಪ್ಪೆ,
ಬದನೆಯ ಮುಳ್ಳುತೊಟ್ಟು, ಕಾಫಿ ಚರಟ,
ಮಂಗಳವಾರ ಮುಡಿದು ಬುಧವಾರ ಬಾಡಿದ ಮಲ್ಲಿಗೆ,
ರಸಬಾಳೆ ಸಿಪ್ಪೆ. ಅದಕ್ಕೆ ಕೊಳೆಯುವಾಗಲೂ ಜಂಬ,
ಒಂದು ದಿನ ಪೂರ್ತಿ ಘಮಘಮ.

ಮೊದಲ ತಿಂಗಳು ಕೆಟ್ಟೆ.
ಮಿಕ್ಕ ತಿಳಿಸಾರನ್ನೂ ಅದಕ್ಕೇ ಸುರಿದಿದ್ದೆ.
ಕೆಳಮನೆಯ ವಿಶಾಲಾಕ್ಷಿ
ಮೂಗಿಗೆ ಸೆರಗು ಹಿಡಿದೇ ಮೆಟ್ಟಿಲೇರಿ ಬಂದು
"ನಮ್ಮ ತಲೆ ಮೇಲೆ ತಿಪ್ಪೆ ಮಾಡಿಟ್ಟಿದ್ದೀರಲ್ಲ ಪ್ರಫುಲ್ಲಾ" ಎಂದರು.

ಆ ಮಾತಿಗೆ
ಐವತ್ತು ವರ್ಷ ಕೆಳಗಿನ ಯಾವಳೋ ಒಬ್ಬಳು
ನನ್ನೊಳಗಿಂದ "ಓ" ಅಂದುಬಿಟ್ಟಳು.

ಕಿರುಗಾವಲಿನ ಹತ್ತಿರದ ಹಳ್ಳಿ. ನನಗಿಂತ ಮೊದಲು ಮೂವರು,
ಒಬ್ಬರೂ ತೊಟ್ಟಿಲು ದಾಟಲಿಲ್ಲವಂತೆ.
ನಾನು ಹುಟ್ಟಿದ ಮೂರನೇ ಬೆಳಗ್ಗೆ, ಪುಷ್ಯದ ಚಳಿಯಲ್ಲಿ
ಅಜ್ಜಿ ನನ್ನನ್ನು ತಿಪ್ಪೆಯ ಮೇಲೆ ಹೊರಳಿಸಿದಳು:
ಕಸ ಇದು, ಯಾರೋ ಬಿಸಾಕಿದ್ದು,
ಕಂಡೂ ಕಾಣದ ಹಾಗೆ ದಾಟಿ ಹೋಗಲಿ ಅದು, ಅಂತ.
ಆಮೇಲೆ ಪಕ್ಕದ ಮನೆಯವಳು ಎತ್ತಿಕೊಂಡಳು,
ಅವಳಿಂದ ಒಂದು ಮೊರ ತೌಡಿಗೆ
ಅವ್ವ ನನ್ನನ್ನು ಕೊಂಡುಕೊಂಡಳು.
ತಿಪ್ಪಿ ಎಂದು ಕರೆದಳು.

ಬದುಕಿದೆ. ಅದಕ್ಕೇ ಶಾಲೆಗೆ ಹೋಗಬೇಕಾಯಿತು,
ಹೋದದ್ದಕ್ಕೇ ನಗೆಪಾಟಲಾಗಬೇಕಾಯಿತು.
ನಂಜುಂಡಯ್ಯ ಮೇಷ್ಟ್ರು ಕನಿಕರಪಟ್ಟು
ಹಾಜರಿ ಪುಸ್ತಕದಲ್ಲಿ ಪ್ರಫುಲ್ಲ ಎಂದು ಬರೆದರು.
ಅವ್ವನ ನಾಲಗೆಗೆ ಅದು ಹತ್ತಲೇ ಇಲ್ಲ.
ಪರಪುಲ್ಲ, ಪರಪುಲ್ಲ… ಸಾಕಾಗಿ ಮತ್ತೆ ತಿಪ್ಪೀ.
ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹಾಗೆ ಕೂಗಿದ ದಿನ
ಕೇಳಿಸದವಳಂತೆ ಬಸ್ಸು ಹತ್ತಿದ್ದೇನೆ.

ವಿಶಾಲಾಕ್ಷಿಗೆ ತಪ್ಪಾಯಿತು ಅಂದೆ.
ಬೀದಿ ಗುಡಿಸುವ ಮಾದೇವಿ ದಾರಿ ಹೇಳಿದಳು:
"ಹಸಿಗೆ ಒಣದು ಬೆರೀಬೇಕಕ್ಕ.
ಬರೀ ಹಸಿ ಆದ್ರೆ ನಾರ್ತದೆ,
ಬರೀ ಒಣದು ಆದ್ರೆ ಸುಮ್ಕೆ ಕೂತಿರ್ತದೆ."
ಬೆಂಕಿಗೆ ಹೋಗಲಿದ್ದ ಹೊಂಗೆ ತರಗು
ಒಂದು ಚೀಲ ತಂದಿಟ್ಟು ಹೋದಳು.
ಹುಳಿಮಜ್ಜಿಗೆಗೆ ಚೂರು ಬೆಲ್ಲ ಕದಡಿ ಚಿಮುಕಿಸಿದೆ.
ನಾತ ಹೋಯಿತು. ಹುಳ ಬಂದವು. ಹೆದರಿದೆ.
ಅದೂ ಅಭ್ಯಾಸವಾಯಿತು.

ಸಂಕ್ರಾಂತಿಗೆ ಮುಂಚಿನ ಒಂದು ನಸುಕು.
ಮಂಜಿನಲ್ಲಿ ಚಾಮುಂಡಿ ಬೆಟ್ಟವೇ ಇರಲಿಲ್ಲ.
ಮೇಲಿನ ಮಡಕೆಯ ಮುಚ್ಚಳ ತೆಗೆದರೆ
ಹಬೆ.
ಇಡ್ಲಿ ಪಾತ್ರೆ ತೆಗೆದಂತೆ, ಹಬೆ.
ಮಣಿಕಟ್ಟು ಮುಳುಗುವಷ್ಟು ಕೈ ಇಳಿಸಿದೆ:
ಜ್ವರ ಬಂದ ಕೂಸಿನ ಹೊಟ್ಟೆಯಷ್ಟು ಬಿಸಿ.

ಹಾಗಾದರೆ
ಅದು ಬೆಚ್ಚಗಿತ್ತು.
ಇಷ್ಟು ವರ್ಷ ಯಾರೂ ನನಗಿದನ್ನು ಹೇಳಿರಲಿಲ್ಲ.
ಒಂದೇ ಕಂಬಳಿಯ ಆ ಮನೆ, ಆ ಚಳಿ,
ಊರಲ್ಲೆಲ್ಲ ಬೆಚ್ಚಗಿದ್ದ ಜಾಗ ಅದೊಂದೇ ಇತ್ತೇನೋ.
ಅಜ್ಜಿಗೆ ಗೊತ್ತಿತ್ತೋ, ಇಲ್ಲವೋ.

ತುಂಬ ಹೊತ್ತು ಕೈ ತೆಗೆಯಲಿಲ್ಲ.

ಶಿವರಾತ್ರಿ ಹೊತ್ತಿಗೆ ಜರಡಿ ಹಿಡಿದೆ.
ಅವರೆ ಯಾವುದು, ಮಲ್ಲಿಗೆ ಯಾವುದು,
ಕೆಳಗೆ ಬಿದ್ದ ಕರಿಪುಡಿ ಹೇಳುವುದಿಲ್ಲ.
ಮೇಲುಳಿದದ್ದು: ಎಳನೀರ ಬುರುಡೆಯ ಚೂರು, ಹೂವಿನ ದಾರ,
ಸೇಬಿಗೆ ಅಂಟಿಸಿ ಕಳಿಸುವ ಪುಟ್ಟ ಸ್ಟಿಕ್ಕರು.
ಹಣ್ಣು ಹೋಗಿ ಎಷ್ಟು ಕಾಲವಾಯಿತು,
ಅದರ ಮೇಲಿನ ಹೆಸರು ಇನ್ನೂ ಹೊಳೆಯುತ್ತಿದೆ.

ಕೆಳಗಿನಿಂದ ವಿಶಾಲಾಕ್ಷಿ ಕೂಗುತ್ತಿದ್ದಾರೆ,
ಕರಿಬೇವಿನ ಗಿಡಕ್ಕೆ ಒಂದು ಬೊಗಸೆ ಬೇಕಂತೆ.
ಪ್ರಫುಲ್ಲಾ, ಪ್ರಫುಲ್ಲಾ.
ಬಂದೆ, ಬಂದೆ ಅನ್ನುತ್ತಲೇ
ಇಲ್ಲಿ ಸ್ಟಿಕ್ಕರನ್ನು ಉಗುರಿನಿಂದ
ಕೆರೆಯುತ್ತ ಕೂತಿದ್ದೇನೆ.